ಮೊಳೆಗೆ ಮರಳದ ಬಿಲ್ಲೆ

ಬಂಗಾರಪೇಟೆ ಸ್ಟೇಷನ್

ಲಂಕೆಗೆ ಹೋಗಿ ಬಂದೆ ಎಂದರೆ ನಮ್ಮ ಬಂಗಾರಪೇಟೆಯವರು ಮೊದಲು ಕೇಳುವುದು ಅಶೋಕವನ ನೋಡಿದಿರಾ ಎಂದು. ನೋಡಲಿಲ್ಲ. ನಾನು ಹೋದದ್ದು ಒಂದು ಕತ್ತರಿ ನೋಡಲು. ಹೀಗೆ ಹೇಳಿದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಅದರಲ್ಲಿ ಅವರ ತಪ್ಪೇನೂ ಇಲ್ಲ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ಕೋಲಾರದ ಒಂದು ವಾರಪತ್ರಿಕೆಗೆ ಹೊಸ ಯಂತ್ರಗಳ ಸುದ್ದಿ ಬರೆಯುತ್ತೇನೆ. ಫ್ಯಾಕ್ಸ್ ಎಂದರೇನು, ಕಂಪ್ಯೂಟರಿಗೆ ನೆನಪು ಹೇಗೆ ಇರುತ್ತದೆ, ಇಂಥವು. ಓದುವವರು ಕಡಿಮೆ, ಹೊಗಳುವವರು ಹೆಚ್ಚು. ಹಾಗೆ ಹೊಗಳಿದವರಲ್ಲಿ ಬೆಂಗಳೂರಿನ ಒಬ್ಬ ಗಾರ್ಮೆಂಟ್ಸ್ ಮಾಲೀಕರೂ ಇದ್ದರು. ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗುವ ರಸ್ತೆಯಲ್ಲಿ ಅವರ ಹೊಸ ಕಾರ್ಖಾನೆಯ ಗೋಡೆಗಳು ಆಗಲೇ ಎದ್ದಿದ್ದವು. ಚಿನ್ನದ ಗಣಿ ವರ್ಷದಿಂದ ವರ್ಷಕ್ಕೆ ಸೊರಗುತ್ತಿದ್ದ ಕಾಲವದು. ಗಣಿಗಾರರ ಕಾಲೋನಿ ಚಾಂಪಿಯನ್ ರೀಫ್ಸ್‌ನಲ್ಲಿ ಗಂಡಸರು ಕೆಲಸವಿಲ್ಲದೆ ಮನೆ ಮುಂದೆ ಕೂತಿದ್ದರು, ಹೆಣ್ಣುಮಕ್ಕಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದರು. ಹತ್ತಿರದಲ್ಲೇ ಕೆಲಸ ಸಿಕ್ಕರೆ ಒಳ್ಳೆಯದೇ. ಆದರೂ ಕ್ಯಾಸಂಬಳ್ಳಿ, ಕಾಮಸಮುದ್ರದ ಕಡೆಯ ತಾಯಂದಿರು ಹೊಸ ಕಾರ್ಖಾನೆ ಎಂದರೆ ಹಿಂದೆ ಮುಂದೆ ನೋಡುತ್ತಿದ್ದರು.

"ಕೊಲಂಬೊದಲ್ಲಿ ನಮ್ಮ ಪಾಲುದಾರರ ಫ್ಯಾಕ್ಟರಿಯಿದೆ. ಅಲ್ಲಿ ಬಟ್ಟೆ ಕತ್ತರಿಸೋ ಕಂಪ್ಯೂಟರ್ ಬಂದಿದೆ. ನೋಡಿಬಂದು ಬರೀರಿ ಮೇಡಂ, ನೀವು ಬರೆದ್ರೆ ನಮ್ಮ ಜನ ನಂಬ್ತಾರೆ," ಎಂದರು ಮಾಲೀಕರು.

ನನ್ನ ಹತ್ತನೇ ತರಗತಿಯ ಅರ್ಧ ಹುಡುಗಿಯರು ಕಡೆಗೆ ಆ ಕಾರ್ಖಾನೆಯ ಬಾಗಿಲಿಗೇ ಹೋಗುವವರು. ಆ ಬಾಗಿಲ ಹಿಂದೆ ಏನಿರುತ್ತದೆ ಎಂದು ಮೊದಲು ನಾನು ನೋಡಿಬರಬೇಕು ಅನ್ನಿಸಿತು. ಬೇಸಿಗೆ ರಜೆಯೂ ಇತ್ತು. ಹೊರಟೆ.

ಜೊತೆಗೆ ಮಾಲೀಕರು, ಮತ್ತು ಅವರ ಮೆಕ್ಯಾನಿಕ್ ಮುನಿಸ್ವಾಮಣ್ಣ. ಚಾಂಪಿಯನ್ ರೀಫ್ಸ್‌ನವನು. ಗಣಿಯಲ್ಲಿ ನೆಲದೊಳಗೆ ಅರ್ಧ ಆಯುಷ್ಯ ಕಳೆದು, ಆಮೇಲೆ ಹೊಲಿಗೆ ಯಂತ್ರ ರಿಪೇರಿಗೆ ಬಿದ್ದವನು. ಮಾತು ಜಾಸ್ತಿ, ಹಟ ಅದಕ್ಕಿಂತ ಜಾಸ್ತಿ. ಕನ್ನಡದಲ್ಲಿ ಶುರು ಮಾಡಿದ ವಾಕ್ಯವನ್ನು ತೆಲುಗಿನಲ್ಲಿ ತಿರುಗಿಸಿ ತಮಿಳಿನಲ್ಲಿ ಮುಗಿಸುವುದು ಕೆಜಿಎಫ್‌ನಲ್ಲಿ ಯಾರಿಗೂ ವಿಶೇಷವಲ್ಲ. ಇವನು ಅದನ್ನು ಉಸಿರು ಬಿಡದೆ ಮಾಡುತ್ತಿದ್ದ.

ಮದ್ರಾಸಿನ ರೈಲು ಹತ್ತುವಾಗ ಅವನ ಕೈಯಲ್ಲಿ ಬಟ್ಟೆಯ ಚೀಲವೊಂದಿತ್ತು. "ರಾಗಿ ಇಟ್ಟು ಟೀಚ್ರಮ್ಮ. ಅಲ್ಲೇನು ತಿಂತಾರೋ ಏನೋ. ನಂಗೆ ಮುದ್ದೆ ಇಲ್ದಿದ್ರೆ ಕಣ್ಣು ಕತ್ತಲೆ ಬತ್ತದೆ," ಎಂದ.

ಕೊಲಂಬೊ ವಿಮಾನ ನಿಲ್ದಾಣ

ಆ ಹಿಟ್ಟು ನಮ್ಮನ್ನು ಸುಂಕದವರ ಮೇಜಿನ ಮುಂದೆ ನಿಲ್ಲಿಸಿತು. ತಮಿಳು ಬಂಡುಕೋರರೊಡನೆ ಯುದ್ಧ ನಡೆಯುತ್ತಿದ್ದ ದೇಶ. ಬಂದೂಕು ಹಿಡಿದವರು ಎಲ್ಲೆಲ್ಲೂ ನಿಂತಿದ್ದರು. ಹೆಸರಿಲ್ಲದ ಕಂದು ಪುಡಿ ಕಂಡರೆ ಅವರಿಗೆ ಅನುಮಾನ ಬಾರದೆ ಇರುತ್ತದೆಯೇ? ಒಬ್ಬ ಮೂಸಿದ, ಇನ್ನೊಬ್ಬ ಬೆರಳಲ್ಲಿ ತಿಕ್ಕಿದ. ಮುನಿಸ್ವಾಮಣ್ಣ ತಾಳ್ಮೆಗೆಟ್ಟು ಒಂದು ಹಿಡಿ ಹಿಟ್ಟನ್ನು ಬಾಯಿಗೆ ಹಾಕಿಕೊಂಡುಬಿಟ್ಟ. ಒಣ ಹಿಟ್ಟು ಗಂಟಲಿಗೆ ಅಂಟಿ ಕೆಮ್ಮು ಹತ್ತಿತು. ಕೆಮ್ಮಿನ ಜೊತೆ ಹಿಟ್ಟು ಅಧಿಕಾರಿಯ ಬಿಳಿ ಅಂಗಿಯ ಮೇಲೆಲ್ಲ ಹಾರಿತು. ಮಾಲೀಕರು ತಮಗೂ ನಮಗೂ ಸಂಬಂಧವಿಲ್ಲದವರಂತೆ ಗಡಿಯಾರ ನೋಡತೊಡಗಿದರು.

ಕಡೆಗೆ ವಯಸ್ಸಾದ ಅಧಿಕಾರಿಯೊಬ್ಬ ಬಂದು ಚೀಲದಲ್ಲಿ ಇಣುಕಿ ನಕ್ಕ. "ಕುರಕ್ಕನ್!" ಎಂದ. ಅವರಲ್ಲಿ ರಾಗಿಗೆ ಅದೇ ಹೆಸರಂತೆ, ಹಳ್ಳಿಗಳಲ್ಲಿ ಅದರ ರೊಟ್ಟಿ ಮಾಡುತ್ತಾರಂತೆ. ಮುನಿಸ್ವಾಮಣ್ಣನಿಗೆ ಆ ಕ್ಷಣದಲ್ಲೇ ಲಂಕೆ ಹಿಡಿಸಿಬಿಟ್ಟಿತು. "ರಾಗಿ ತಿನ್ನೋ ಜನ ಕೆಟ್ಟೋರಾಗಾಕಿಲ್ಲ ಟೀಚ್ರಮ್ಮ," ಎಂದು ತೀರ್ಪು ಕೊಟ್ಟ.

ಕಾರಿನಲ್ಲಿ ಮಾಲೀಕರು ಹಿಂದಕ್ಕೆ ತಿರುಗಿ ಒಂದೇ ಮಾತು ಹೇಳಿದರು. "ಮುನಿಸ್ವಾಮಿ, ರಸ್ತೇಲಿ ತಮಿಳು ಬೇಡ. ಕಾಲ ಸರಿಯಿಲ್ಲ."

ಮೂರು ಭಾಷೆಯಲ್ಲಿ ಒಂದನ್ನು ಬಾಯೊಳಗೇ ಇಟ್ಟುಕೊಳ್ಳುವುದು ಹೇಗೆ ಎಂದು ಅವನಿಗೆ ಅರ್ಥವಾಗಲಿಲ್ಲ. ನಮ್ಮೂರಿನ ಟೀ ಅಂಗಡಿಯಲ್ಲಿ ಯಾರು ಯಾವ ಭಾಷೆಯವರೆಂದು ಕೇಳಿದವರೇ ಇಲ್ಲ. ಇಲ್ಲಿ ಅದನ್ನು ಸೈನಿಕರು ಕೇಳುತ್ತಿದ್ದರು, ಗುರುತಿನ ಚೀಟಿ ತೋರಿಸು ಎನ್ನುತ್ತಿದ್ದರು. ಅಷ್ಟು ಹಸಿರಾದ, ಅಷ್ಟು ಸೌಮ್ಯವಾಗಿ ಮಾತಾಡುವ, ಅಕ್ಕನನ್ನು ನಮ್ಮಂತೆಯೇ 'ಅಕ್ಕ' ಎಂದು ಕರೆಯುವ ಊರಿನಲ್ಲಿ ಇದು ನಡೆಯುತ್ತಿತ್ತು.

ತಣ್ಣನೆಯ ಕೋಣೆ

ಕತ್ತರಿಯ ವಿಷಯ ಹೇಳಿಬಿಡುತ್ತೇನೆ. ಉದ್ದನೆಯ ಮೇಜು. ಅದರ ಮೇಲೆ ಅಂಗಿಯ ಬಟ್ಟೆಯನ್ನು ಹಾಸಿಗೆಯಷ್ಟು ದಪ್ಪಕ್ಕೆ ಪದರ ಪದರವಾಗಿ ಹರಡಿರುತ್ತಾರೆ. ಕೆಳಗಿನಿಂದ ಗಾಳಿ ಎಳೆದು ಅದನ್ನು ಅಲುಗದಂತೆ ಹಿಡಿಯುತ್ತದೆ. ಪರದೆಯ ಮೇಲೆ ತೋಳು, ಕೊರಳಪಟ್ಟಿ, ಜೇಬುಗಳ ಚಿತ್ರ. ಗುಂಡಿ ಒತ್ತಿದರೆ ಬ್ಲೇಡು ತಾನಾಗಿ ಓಡಿ, ಬಾಗಿ, ತಿರುಗಿ ಅಷ್ಟನ್ನೂ ಕತ್ತರಿಸಿಡುತ್ತದೆ. ನಾನು ಚಿಕ್ಕ ಹುಡುಗಿಯಂತೆ ಬಾಯಿ ಬಿಟ್ಟು ನೋಡಿದೆ. ಯಂತ್ರ ಚೆನ್ನಾಗಿತ್ತು, ಇವತ್ತಿಗೂ ಹಾಗೇ ಹೇಳುತ್ತೇನೆ.

ಆ ಕೋಣೆ ನಮ್ಮ ಜಿಲ್ಲಾಸ್ಪತ್ರೆಗಿಂತ ಶುಚಿಯಾಗಿತ್ತು, ತಣ್ಣಗಿತ್ತು. ಧೂಳು, ಸೆಕೆ ತಾಗಿದರೆ ಕಂಪ್ಯೂಟರಿಗೆ ಆಗುವುದಿಲ್ಲ ಎಂದು ಅಲ್ಲಿನ ಮ್ಯಾನೇಜರು ವಿವರಿಸಿದರು. ನಯವಾದ ಮನುಷ್ಯ. ಮೊದಲು ಬಟ್ಟೆ ಕತ್ತರಿಸುತ್ತಿದ್ದವರು ಈಗೆಲ್ಲಿ ಎಂದು ಕೇಳಿದೆ. ಕೆಲವರು ಬಟ್ಟೆಯ ಸುರುಳಿ ಹೊರುತ್ತಾರೆ, ಉಳಿದವರು ಬಿಟ್ಟು ಹೋದರು ಎಂದರು. ಬಿಟ್ಟು ಹೋದರೋ ಬಿಡಿಸಿದಿರೋ ಎಂದು ಕೇಳಬೇಕೆನ್ನಿಸಿತು. ಅಷ್ಟರಲ್ಲಿ ಚಹಾ ಬಂತು.

ಪಕ್ಕದ ಬಾಗಿಲು ತೆರೆದರೆ ಹೊಲಿಗೆಯ ಹಾಲ್. ಬಾಣಲೆಯ ಮುಂದೆ ನಿಂತಂಥ ಸೆಕೆ. ಸಾಲು ಸಾಲಾಗಿ ಹುಡುಗಿಯರು, ಎಲ್ಲರ ಕುತ್ತಿಗೆಯೂ ಬಾಗಿತ್ತು. ಹತ್ತಿಯ ಧೂಳು ಅವರ ಕೂದಲಿಗೆ ಅಂಟಿ ಎಳೆ ವಯಸ್ಸಿಗೇ ನರೆತವರಂತೆ ಕಾಣುತ್ತಿದ್ದರು.

"ನಮ್ ಗಣೀಲಿ ಆಳದಾಗಿರೋ ಆಳಿಗೆ ತಣ್ಣನೆ ಗಾಳಿ ಬಿಡೋರು," ಎಂದ ಮುನಿಸ್ವಾಮಣ್ಣ. "ಇಲ್ಲಿ ಕತ್ತರಿಗೆ ಬಿಡ್ತಾರೆ."

ಆದರೆ ಗೋಡೆಯ ಮೇಲಿದ್ದ ಒಂದು ವಸ್ತು ಅವನನ್ನು ಸಂತೋಷಪಡಿಸಿತು. ಪ್ರತಿ ಸಾಲಿನ ಕೊನೆಯಲ್ಲೂ ಒಂದು ಮರದ ಹಲಗೆ, ಅದರಲ್ಲಿ ಎರಡು ಮೊಳೆ, ಮೊಳೆಗೊಂದು ಕೆಂಪು ಬಿಲ್ಲೆ. ಹುಡುಗಿಯೊಬ್ಬಳು ಎದ್ದು ಹೋಗುವಾಗ ಬಿಲ್ಲೆ ತೆಗೆದುಕೊಂಡಳು, ಬಂದಾಗ ತೂಗುಹಾಕಿದಳು.

ಕೆಜಿಎಫ್‌ನವರಿಗೆ ಬಿಲ್ಲೆ ಎಂದರೆ ಏನೆಂದು ಹೊರಗಿನವರಿಗೆ ಹೇಳಬೇಕು. ಗಣಿಗೆ ಇಳಿಯುವ ಪ್ರತಿಯೊಬ್ಬನೂ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಇಳಿಯಬೇಕು, ಮೇಲೆ ಬಂದು ಮೊಳೆಗೆ ಹಾಕಬೇಕು. ಒಂದು ಮೊಳೆ ಖಾಲಿ ಉಳಿದರೆ ಒಬ್ಬ ಇನ್ನೂ ಕೆಳಗಿದ್ದಾನೆ ಎಂದರ್ಥ. ಆಗ ಗಂಟೆ ಬಾರಿಸುತ್ತಾರೆ. ಅವನು ಸಿಗುವವರೆಗೆ ಯಾರೂ ಮನೆಗೆ ಹೋಗುವುದಿಲ್ಲ. ಆ ಗಂಟೆ ಕೇಳಿದರೆ ಮನೆ ಮನೆಯ ಹೆಂಗಸರೂ ಒಲೆ ಬಿಟ್ಟು ಓಡಿ ಬರುತ್ತಿದ್ದರು.

"ನೋಡಿದ್ರಾ, ನಮ್ ಪದ್ಧತಿ ಇಲ್ಗೂ ಬಂದೈತೆ. ಉಡುಗೀರ ಮ್ಯಾಲೆ ನಿಗಾ ಮಡಗವ್ರೆ," ಎಂದು ಮುನಿಸ್ವಾಮಣ್ಣ ಎದೆಯುಬ್ಬಿಸಿದ. ನಾನೂ ತಲೆಯಾಡಿಸಿದೆ. ನಮ್ಮ ಕಡೆ ಬೆಳೆದವರಿಗೆ ಬೇರೆ ಅರ್ಥ ಹೊಳೆಯುವುದೇ ಇಲ್ಲ.

ಊಟದ ಪೊಟ್ಟಣ

ಮಧ್ಯಾಹ್ನ ಹುಡುಗಿಯರು ಅಂಗಳದ ನೆರಳಿನಲ್ಲಿ ಅನ್ನದ ಪೊಟ್ಟಣ ಬಿಚ್ಚುತ್ತಾರೆ. ಅನ್ನ, ಬೇಳೆ, ಕಾಯಿತುರಿಗೆ ಮೆಣಸಿನಕಾಯಿ ಅರೆದು ಕಲಸಿದ ಕೆಂಪು ಚಟ್ನಿ. ಗುರುತಿಲ್ಲದವಳಾದ ನನ್ನ ಕೈಗೂ ಒಬ್ಬಳು ತುತ್ತು ಇಟ್ಟಳು. ಅದು ಅವರ ರೂಢಿ, ಪಕ್ಕದವರನ್ನು ಬಿಟ್ಟು ತಾವೇ ತಿನ್ನುವುದು ಅವರಿಗೆ ಆಗದು. ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂದು ಎಲ್ಲರೂ ನಕ್ಕರು.

ಮುನಿಸ್ವಾಮಣ್ಣ ಅಭ್ಯಾಸ ಬಲದಿಂದ "ನೀರು ಕೊಡು ಮಗಳೇ" ಎಂದು ತಮಿಳಿನಲ್ಲಿ ಕೂಗಿದ. ನಗುತ್ತಿದ್ದವರೆಲ್ಲ ತಲೆ ತಗ್ಗಿಸಿ ತಮ್ಮ ಪೊಟ್ಟಣ ನೋಡತೊಡಗಿದರು. ಕೊನೆಯಲ್ಲಿ ಒಬ್ಬಳೇ ಕೂತಿದ್ದ ತೆಳ್ಳನೆಯ ಹುಡುಗಿ ಎದ್ದು ನೀರು ತಂದಳು. ಪುಷ್ಪ ಎಂದು ಹೆಸರು. ಬೆಟ್ಟದ ಮೇಲಿನ ಚಹಾ ತೋಟದಲ್ಲಿ ಹುಟ್ಟಿದವಳು. ಅವಳ ಮುತ್ತಜ್ಜ ತಮಿಳು ಸೀಮೆಯ ಆಂಬೂರಿನ ಕಡೆಯಿಂದ ಹಡಗು ಹತ್ತಿ ಚಹಾ ತೋಟಕ್ಕೆ ಬಂದನಂತೆ, ಅವನ ತಮ್ಮನೊಬ್ಬ ಗಡಿ ದಾಟಿ ಚಿನ್ನದ ಗಣಿಗೆ ಹೋದನಂತೆ.

"ಯಾವ ಗಣಿಗೆ?" ಎಂದು ಮುನಿಸ್ವಾಮಣ್ಣ ಕೇಳಿದ.

"ಕೋಲಾರದ್ದಂತೆ ಅಣ್ಣಾ. ತಾತ ಹೇಳ್ತಿದ್ರು."

ಅಷ್ಟು ಸಾಕಾಯಿತು ಅವನಿಗೆ. ಅವನ ತಾತನೂ ಆಂಬೂರಿನ ಕಡೆಯಿಂದಲೇ ಬಂದವನು. "ದೇವುಡಾ! ಟೀಚ್ರಮ್ಮ, ಇವಳು ನಮ್ಮುಡುಗಿ ಕಣಮ್ಮ!" ಎಂದು ಕಣ್ಣೊರೆಸಿಕೊಂಡ. ಆಂಬೂರಿನಿಂದ ಗಣಿಗೆ ಬಂದವರೆಲ್ಲ ಒಂದೇ ಮನೆಯವರೇನಣ್ಣ ಎಂದು ನಾನು ಛೇಡಿಸಿದೆ. ಅವನಿಗೆ ಕೇಳಿಸಲಿಲ್ಲ. ಪುಷ್ಪ ನಗುತ್ತಲೇ, ಹಾಲ್‌ನಲ್ಲಿ ಮಾತ್ರ ತನ್ನೊಡನೆ ತಮಿಳು ಆಡಬೇಡಿ ಎಂದು ಬೇಡಿಕೊಂಡಳು.

ನಾನು ಪತ್ರಿಕೆಗೆ ಬರೆಯುತ್ತೇನೆಂದು ಕೇಳಿ ಅವಳು ತಣ್ಣನೆಯ ಕೋಣೆಯ ಕಡೆ ನೋಡಿದಳು. "ಅದು ಹೊಲಿಯೋದನ್ನೂ ಕಲಿತುಬಿಡುತ್ತಾ ಅಕ್ಕಾ?"

ಇನ್ನೂ ಬಹಳ ಕಾಲ ಬೇಕು ಎಂದೆ. ಬಟ್ಟೆ ಮೆತ್ತಗಿರುತ್ತದೆ, ಜಾರುತ್ತದೆ, ಕೈಬೆರಳಿನ ಕೆಲಸ ಯಂತ್ರಕ್ಕೆ ಕಷ್ಟ. ಅವಳ ಮುಖ ಅರಳಿತು. "ಹಾಗಾದ್ರೆ ನನ್ನ ಕೆಲಸ ಇರುತ್ತೆ. ನನಗೆ ಇದು ಬಿಟ್ರೆ ಇನ್ನೇನೂ ಇಲ್ಲ," ಎಂದಳು. ಆ ಮಾತನ್ನು ನಾನು ಎಲ್ಲರೂ ಆಡುವ ಮಾತು ಎಂದುಕೊಂಡೆ.

ಗಂಟೆ

ನಾವು ಹೊರಡುವ ಹಿಂದಿನ ಸಂಜೆ. ಕೆಲಸ ಮುಗಿದು ಹುಡುಗಿಯರು ಒಂದೇ ಬಾಗಿಲಿನಲ್ಲಿ ಸಾಲಾಗಿ ಹೊರಟರು. ಅಲ್ಲಿ ಅವರ ಚೀಲ ತಡಕಿ ಬಿಡುತ್ತಿದ್ದರು. ಉಳಿದ ಬಾಗಿಲುಗಳಿಗೆ ಹಗಲೂ ಬೀಗ. ತೆರೆದಿಟ್ಟರೆ ಅಂಗಿಗಳು ತಾವೇ ಹೊರಗೆ ನಡೆದುಬಿಡುತ್ತವೆ ಎಂದು ಮ್ಯಾನೇಜರು ನಕ್ಕಿದ್ದರು. ಗಣಿಗೂ ಮೇಲೆ ಬರಲು ಎರಡು ದಾರಿ ಇರುತ್ತಿತ್ತು ಎಂದು ಮುನಿಸ್ವಾಮಣ್ಣ ಆಗಲೇ ಗೊಣಗಿದ್ದ.

ಕಾವಲುಗಾರರು ಶಟರ್ ಎಳೆಯುತ್ತಿದ್ದಾಗ ಅವನು ಒಳಗೊಮ್ಮೆ ನೋಡಿದ. ಕೊನೆಯ ಸಾಲಿನ ಹಲಗೆಯಲ್ಲಿ ಒಂದು ಮೊಳೆ ಖಾಲಿ.

"ಒಬ್ರು ಒಳಗವ್ರೆ!" ಎಂದ.

ಮ್ಯಾನೇಜರಿಗೆ ಅರ್ಥವಾಗಲಿಲ್ಲ. ಮಾಲೀಕರು ಕಾರಿನಿಂದ "ಬಾರಯ್ಯ ಹೊತ್ತಾಯ್ತು" ಎಂದರು. ಮುನಿಸ್ವಾಮಣ್ಣ ಶಟರ್ ಕೆಳಗೆ ತಲೆಯೊಡ್ಡಿ ನಿಂತ. "ಒಳಗೆ ಆಳು ಮಡಿಕ್ಕಂಡು ಬೀಗ ಆಕ್ತೀರಾ? ನಾ ಓಗಾಕಿಲ್ಲ!" ಕನ್ನಡ, ತೆಲುಗು, ತಮಿಳು ಮೂರರಲ್ಲೂ ಅರಚಿದ. ಯಾರೂ ಅಲುಗದಿದ್ದಾಗ ಗೋಡೆಯ ಮೇಲಿದ್ದ ಬೆಂಕಿ ಗಂಟೆಯ ಗುಂಡಿಯನ್ನು ಅಂಗೈಯಿಂದ ಒತ್ತಿ ಹಿಡಿದ.

ರಸ್ತೆಗೆ ಹೋಗಿದ್ದ ಹುಡುಗಿಯರು ಕೂಗುತ್ತ ವಾಪಸು ಓಡಿ ಬಂದರು. ಕಾವಲುಗಾರರು ಒಳಗೆ ನುಗ್ಗಿದರು. ಸ್ವಲ್ಪ ಹೊತ್ತಿನಲ್ಲಿ ಶೌಚದ ಹಿಂದಿನ ಚಿಂದಿ ಬಟ್ಟೆಯ ಕೋಣೆಯಿಂದ ಪುಷ್ಪಳನ್ನು ತೋಳು ಹಿಡಿದು ಎಳೆತಂದರು. ಅವಳ ಮುಷ್ಟಿಯಲ್ಲಿ ಕೆಂಪು ಬಿಲ್ಲೆಯಿತ್ತು.

ವಿಷಯ ಒಂದೊಂದಾಗಿ ಹೊರಬಿತ್ತು. ಆ ಬಿಲ್ಲೆ ಶೌಚಕ್ಕೆ ಹೋಗಲು ಕೊಡುವ ಅಪ್ಪಣೆ. ಒಂದು ಸಾಲಿನಿಂದ ಒಮ್ಮೆಗೆ ಇಬ್ಬರಿಗಿಂತ ಹೆಚ್ಚು ಜನ ಏಳಬಾರದು, ಉಳಿದವರು ತಡೆದುಕೊಂಡಿರಬೇಕು. ಸಂಜೆ ಕೆಲಸ ನಿಂತ ಮೇಲೆ ಆ ಹಲಗೆಯನ್ನು ಯಾರೂ ನೋಡುವುದಿಲ್ಲ. ಯಾರು ಒಳಗಿದ್ದಾರೆ ಎಂದು ತಿಳಿಯಲು ಅದನ್ನು ಹಾಕಿದ್ದೇ ಅಲ್ಲ. ತೋಟದ ತಮಿಳರಲ್ಲಿ ಎಷ್ಟೋ ಜನರನ್ನು ಆ ದೇಶ ತನ್ನವರೆಂದು ಬರೆದುಕೊಂಡೇ ಇರಲಿಲ್ಲ, ಪುಷ್ಪಳಿಗೂ ಗುರುತಿನ ಚೀಟಿ ಇರಲಿಲ್ಲ. ಪೊಲೀಸರು ಮನೆ ಮನೆ ವಿಚಾರಿಸಲು ಶುರು ಮಾಡಿದ ಮೇಲೆ ಬಾಡಿಗೆ ಮನೆಯಾಕೆ ಅವಳನ್ನು ಹೊರಹಾಕಿದ್ದಳು. ಅಂದಿನಿಂದ ಅವಳು ಸಂಜೆ ಬಿಲ್ಲೆ ಹಿಡಿದು ಎದ್ದವಳು ಚಿಂದಿಯ ಕೋಣೆಯಲ್ಲೇ ಮಲಗಿ, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಿಲ್ಲೆ ತೂಗುಹಾಕಿ ಯಂತ್ರದ ಮುಂದೆ ಕೂರುತ್ತಿದ್ದಳು. ಬೀಗ ಹಾಕಿದ ಆ ಕಟ್ಟಡ ಅವಳ ಮನೆಯಾಗಿತ್ತು.

ಮುನಿಸ್ವಾಮಣ್ಣ ಮಾತ್ರ ಇನ್ನೂ ಗೆದ್ದವನ ಮುಖದಲ್ಲೇ ಇದ್ದ. "ಎದ್ರುಕೋಬೇಡ ಮಗಳೇ, ಸಿಕ್ದೆಯಲ್ಲ," ಎಂದು ತಮಿಳಿನಲ್ಲಿ ಅವಳ ತಲೆ ಸವರಿದ.

ಅವಳು ಅವನ ಮುಖವನ್ನೇ ನೋಡಿದಳು. ಬೈಯಲಿಲ್ಲ, ಅಳಲೂ ಇಲ್ಲ. "ನನ್ನ ಹುಡುಕಿ ಅಂತ ನಿಮಗೆ ಯಾರು ಹೇಳಿದ್ರು ಅಣ್ಣಾ?" ಎಂದಳು.

ಅಷ್ಟು ದೊಡ್ಡ ಬಾಯಿಯವನು ಅಷ್ಟು ಚಿಕ್ಕವನಾದದ್ದನ್ನು ನಾನು ಎಂದೂ ನೋಡಿರಲಿಲ್ಲ.

ಬೆಟ್ಟದ ಬಸ್ಸು

ಮ್ಯಾನೇಜರು ಕೂಗಾಡಲಿಲ್ಲ. ಅದೇ ನಯದಲ್ಲಿ ಅವಳನ್ನು ಅಲ್ಲೇ ಕೆಲಸದಿಂದ ತೆಗೆದರು. ನಾನು ವಾದಿಸಿದೆ, ಬೇಡಿಕೊಂಡೆ, ಪತ್ರಿಕೆಯಲ್ಲಿ ಬರೆಯುತ್ತೇನೆ ಎಂದೂ ಹೆದರಿಸಿದೆ. ಕೋಲಾರದ ವಾರಪತ್ರಿಕೆಗೆ ಕೊಲಂಬೊದಲ್ಲಿ ಯಾರು ಹೆದರುತ್ತಾರೆ! ನಮ್ಮ ಮಾಲೀಕರು ನನ್ನನ್ನು ಪಕ್ಕಕ್ಕೆ ಕರೆದರು. "ಮೇಡಂ, ಚೀಟಿ ಇಲ್ಲದ ಹುಡುಗೀನ ನಮ್ಮ ಹೋಟೆಲಿಗೆ ಕರ್ಕೊಂಡು ಹೋದ್ರೆ ನಾಳೆ ನಾವು ವಿಮಾನ ಹತ್ತೋದಿಲ್ಲ. ಅವಳನ್ನೂ ಹಿಡೀತಾರೆ." ಅದು ಸುಳ್ಳಲ್ಲ ಎಂಬುದೇ ನನಗೆ ಹೆಚ್ಚು ಸಿಟ್ಟು ತರಿಸಿತು.

ತೋಟಕ್ಕೇ ಹೋಗುತ್ತೇನೆ, ಬಸ್ಸಿಗೆ ಬಿಡಿ ಎಂದಳು ಪುಷ್ಪ. ಅವಳ ಗಂಟು ಒಂದು ಅಂಗಿಯಷ್ಟಿತ್ತು. ಬಸ್ ನಿಲ್ದಾಣದಲ್ಲಿ ಮುನಿಸ್ವಾಮಣ್ಣ ಏನು ಮಾಡಬೇಕೆಂದು ತೋಚದೆ ಉಳಿದ ರಾಗಿ ಹಿಟ್ಟಿನ ಚೀಲವನ್ನು ಅವಳ ಮಡಿಲಿಗೆ ತುರುಕಿದ. ಅವಳು ಅದನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. ನಾನು ಏನೋ ಧೈರ್ಯ ಹೇಳಿದೆ. ಇಂಥ ಹೊತ್ತಿನಲ್ಲಿ ಹೇಳುವ ಧೈರ್ಯದ ಮಾತುಗಳಿಗೆ ಏನು ಬೆಲೆ ಎಂದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು.

ಬಸ್ಸು ಹೊರಟು ತಿರುವಿನ ತಪಾಸಣೆ ಕಟ್ಟೆಯ ಮುಂದೆ ನಿಂತಿತು. ಸೈನಿಕನೊಬ್ಬ ಬಸ್ಸು ಹತ್ತಿದ್ದು ಕಂಡಿತು. ನಮ್ಮ ಕಾರು ಬೇರೆ ದಾರಿ ಹಿಡಿಯಿತು. ಅವಳನ್ನು ಇಳಿಸಿದರೋ, ಹೋಗಲು ಬಿಟ್ಟರೋ ನಮಗೆ ತಿಳಿಯಲಿಲ್ಲ. ಮದ್ರಾಸಿನಿಂದ ಬಂಗಾರಪೇಟೆವರೆಗೆ ರೈಲಿನಲ್ಲಿ ಮುನಿಸ್ವಾಮಣ್ಣ ಒಂದು ಭಾಷೆಯಲ್ಲೂ ಮಾತಾಡಲಿಲ್ಲ.

ಮತ್ತೆ ಕೆಜಿಎಫ್ ರಸ್ತೆ

ಪತ್ರಿಕೆಯವರು ಕತ್ತರಿಯ ಸುದ್ದಿ ಎಲ್ಲಿ ಎಂದು ಕೇಳಿದರು. ಕತ್ತರಿಯ ಬಗ್ಗೆ ನನಗೆ ತಿಳಿದದ್ದನ್ನೆಲ್ಲ ಮೇಲೆ ಹೇಳಿದ್ದೇನೆ. ಮಿಕ್ಕದ್ದು ಕತ್ತರಿಯ ಸುದ್ದಿಯಲ್ಲ. ಆದರೆ ಅದನ್ನು ಬಿಟ್ಟು ಬರೆಯಲು ನನಗೆ ಆಗಲಿಲ್ಲ. ನಾನು ಬರೆಯದಿದ್ದರೂ ಕಾರ್ಖಾನೆ ಶುರುವಾಯಿತು. ತಣ್ಣನೆಯ ಕೋಣೆ ಬಂತು, ಯಂತ್ರ ಬಂತು, ಅದರ ಹಿಂದೆಯೇ ಕೆಂಪು ಬಿಲ್ಲೆಯ ಹಲಗೆಗಳೂ ಬಂದವು. ಹಲಗೆ ಬೇಡ ಸಾರ್ ಎಂದು ಮುನಿಸ್ವಾಮಣ್ಣ ಮಾಲೀಕರ ಹತ್ತಿರ ಗೋಗರೆದನಂತೆ. ಎಲ್ಲ ಕಡೆ ಅದೇ ಪದ್ಧತಿ ಎಂದು ಅವರು ಅವನ ಕೈಗೇ ಸುತ್ತಿಗೆ ಕೊಟ್ಟರಂತೆ.

ನನ್ನ ಹಳೆಯ ವಿದ್ಯಾರ್ಥಿನಿಯರನ್ನು ನೋಡಲು ಒಂದು ಸಂಜೆ ಹೋಗಿದ್ದೆ. ಕ್ಯಾಸಂಬಳ್ಳಿಯ ಹುಡುಗಿಯೊಬ್ಬಳು ಹಲಗೆಯ ಪಕ್ಕದಲ್ಲಿ ತುಟಿ ಕಚ್ಚಿ ನಿಂತಿದ್ದಳು, ಬಿಲ್ಲೆ ಬರಲೆಂದು. ನನ್ನನ್ನು ಕಂಡು ನಾಚಿಕೊಂಡಳು. ನಾಚಿಕೆಪಡಬೇಕಾದವಳು ಅವಳಲ್ಲ.

ಗಂಟೆ ಹೊಡೆಯಿತು, ಹುಡುಗಿಯರು ಬಸ್ಸಿಗೆ ಓಡಿದರು. ಮುನಿಸ್ವಾಮಣ್ಣ ಎಂದಿನಂತೆ ಪ್ರತಿ ಹಲಗೆಯ ಮುಂದೂ ನಿಂತು ಬಂದ. ಕಾವಲುಗಾರರು ಅವನ ಈ ಹುಚ್ಚಿಗೆ ಒಗ್ಗಿಹೋಗಿದ್ದರು. ಆ ಸಂಜೆ ಒಂದು ಮೊಳೆ ಖಾಲಿಯಿತ್ತು.

ಅವನು ಕೂಗಲಿಲ್ಲ, ಗಂಟೆಯ ಕಡೆ ನೋಡಲೂ ಇಲ್ಲ. ಚಪ್ಪಲಿ ಕಳಚಿಟ್ಟು ಶೌಚದ ಓಣಿಯ ಬಾಯಿಗೆ ಹೋಗಿ, ಮುಖ ಗೋಡೆಯ ಕಡೆ ತಿರುಗಿಸಿಕೊಂಡು ಮೆಲ್ಲಗೆ ಹೇಳಿದ. "ಯಾರಮ್ಮ ಒಳಗೆ? ಎದ್ರುಕೋಬೇಡ. ನಾ ಯಾರ್ಗೂ ಏಳಾಕಿಲ್ಲ. ನಿನ್ನ ಉಡುಕ್ಬೇಕಾ, ಬೇಡ್ವಾ, ನೀನೇ ಏಳು."

ನಾನು ಒಳಗೆ ಹೋಗಿ ಎಲ್ಲ ಬಾಗಿಲೂ ತೆರೆದು ನೋಡಿದೆ. ಯಾರೂ ಇರಲಿಲ್ಲ. ವಾಪಸು ಬರುವಾಗ ಹಲಗೆಯ ಪಕ್ಕದ ಯಂತ್ರದ ಕೆಳಗೆ ಚಿಂದಿಯ ನಡುವೆ ಬಿಲ್ಲೆ ಬಿದ್ದಿದ್ದು ಕಂಡಿತು. ಎತ್ತಿಕೊಂಡು ಅವನ ಮುಂದೆ ಹಿಡಿದೆ.

ಅವನು ಬಿಲ್ಲೆಯನ್ನು ನೋಡಿದ, ತೆಗೆದುಕೊಳ್ಳಲಿಲ್ಲ.

"ಇರ್ಲಿ ಟೀಚ್ರಮ್ಮ," ಎಂದ. "ಇನ್ನೊಂದು ಕಿತ ಕೇಳ್ತೀನಿ."

ಮತ್ತೆ ಖಾಲಿ ಓಣಿಯ ಕಡೆ ತಿರುಗಿ, ಅದೇ ಮಾತನ್ನು, ಈ ಸಲ ತಮಿಳಿನಲ್ಲಿ ಕೇಳಿದ.